ದೋಣಿ ದೂರ ಸರಿದರೆ ಸೀಲ್ ಹತ್ತಿರ ಬರುತ್ತದೆ: ಕೈಕೌರಾದಲ್ಲಿ ನನ್ನ ಅನುಭವ

ಬಂಡೆಗಳ ಮೇಲೆ ಮಲಗುವ, ಮೈತುಂಬ ತುಪ್ಪಳ ಇರುವ ಸಮುದ್ರಪ್ರಾಣಿಗಳಾದ ಫರ್ ಸೀಲ್‌ಗಳನ್ನು ದೋಣಿಯಿಂದ ಚೆನ್ನಾಗಿ ನೋಡಬೇಕು ಅಂದರೆ ಬಂಡೆಯ ಕಡೆಗೆ ಹೋಗಬೇಡಿ, ಇಂಜಿನ್ ಆಫ್ ಮಾಡಿ ಬಂಡೆಯಿಂದ ದೂರ ತೇಲಿ ಸರಿಯಿರಿ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ನಮ್ಮ ಫೋಟೋ ಬಳಗದಲ್ಲಿ ಈ ಮಾತು ಹೇಳಿದಾಗ ಯಾರೂ ಒಪ್ಪಲಿಲ್ಲ. "ಗುರು, ದೂರ ಹೋಗೋದೇ ಆದ್ರೆ ದೋಣಿ ಯಾಕೆ? ದಡದಲ್ಲೇ ಕೂತು ನೋಡಬಹುದಲ್ವಾ?" ಅಂದ ಒಬ್ಬ ಗೆಳೆಯ. ದೋಣಿ ನೀರಿಗಿಳಿಸುವ ರ‍್ಯಾಂಪಿನಲ್ಲಿ ಸಿಗುವ ಮೀನು ಹಿಡಿಯುವವರು ಇನ್ನೂ ಖಾರವಾಗಿ ಹೇಳಿದರು. ಇಂಜಿನ್ ಆಫ್ ಮಾಡಿ ಬಂಡೆಗಳ ಪಕ್ಕ ತೇಲಿದರೆ ದೋಣಿ ಚೂರಾಗುತ್ತದೆ ಅಂತ ಅವರ ವಾದ. ಈಗ ಅದೇ ಗೆಳೆಯ ಫೆಬ್ರವರಿ ಬರುವ ಮೊದಲೇ ಫೋನ್ ಮಾಡಿ ನನ್ನ ದೋಣಿಯಲ್ಲಿ ಜಾಗ ಕೇಳುತ್ತಾನೆ. ಕೇಳುವವರು ಜಾಸ್ತಿ ಆದರು, ಅದಕ್ಕೆ ಒಂದು ಕಡೆ ಬರೆದಿಡುತ್ತಿದ್ದೇನೆ. ದೋಣಿ ಇಳಿಸುವುದು, ಸಮುದ್ರದಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೊ, ಉಬ್ಬರ ಇಳಿತದ ಪಟ್ಟಿ ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

2016ರವರೆಗೆ ನನಗೆ ದೋಣಿಯೇ ಬೇಕಿರಲಿಲ್ಲ. ಕರಾವಳಿಯ ಊರು ಕೈಕೌರಾದಿಂದ ಉತ್ತರಕ್ಕೆ ಹೆದ್ದಾರಿ ಪಕ್ಕದಲ್ಲಿ ಓಹೌ ಹಳ್ಳ ಇತ್ತು. ಚಳಿಗಾಲದಲ್ಲಿ ಸೀಲ್ ಮರಿಗಳು ಸಮುದ್ರ ಬಿಟ್ಟು ಹಳ್ಳದಲ್ಲಿ ಮೇಲೆ ಹತ್ತಿ, ಜಲಪಾತದ ಕೆಳಗಿನ ಸಿಹಿನೀರಿನ ಗುಂಡಿಯಲ್ಲಿ ಆಡುತ್ತಿದ್ದವು. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಸಾಕಿತ್ತು. ನವೆಂಬರ್ 14ರ ನಡುರಾತ್ರಿ 7.8 ತೀವ್ರತೆಯ ಭೂಕಂಪ ಆಯಿತು. ಗುಡ್ಡ ಕುಸಿದು ಆ ಜಾಗ ಮಣ್ಣಿನಡಿ ಹೋಯಿತು. ಹೆದ್ದಾರಿ ಒಂದು ವರ್ಷ ಮುಚ್ಚಿತ್ತು. ತೆರೆದ ಮೇಲೆ ಹೋಗಿ ನೋಡಿ ಬಂದವನು ದೋಣಿ ಹುಡುಕಲು ಶುರು ಮಾಡಿದೆ.

ನನ್ನದು ಸುಮಾರು 4.3 ಮೀಟರಿನ ಅಲ್ಯೂಮಿನಿಯಂ ದೋಣಿ, ಹಿಂಬದಿಗೆ ಕಟ್ಟುವ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಸೆಕೆಂಡ್ ಹ್ಯಾಂಡ್, ಟ್ರೇಲರ್ ಸೇರಿ 12 ಸಾವಿರ ನ್ಯೂಜಿಲೆಂಡ್ ಡಾಲರ್ ಆಸುಪಾಸು. ಕ್ರೈಸ್ಟ್‌ಚರ್ಚ್‌ನಿಂದ ಎಳೆದುಕೊಂಡು ಹೋಗಲು ಎರಡೂವರೆ ಗಂಟೆ, ಕೆಲವೊಮ್ಮೆ ಮೂರು. ಕಾರು, ದೋಣಿ ಎರಡಕ್ಕೂ ಪೆಟ್ರೋಲ್ ಸೇರಿ ಒಂದು ದಿನಕ್ಕೆ 150 ಡಾಲರ್ ಹತ್ತಿರ. ನಾಲ್ವರು ಹಂಚಿಕೊಂಡರೆ ಭಾರ ಅನ್ನಿಸುವುದಿಲ್ಲ. ಹಂಚಿಕೊಳ್ಳುವುದು ಬರೀ ಖರ್ಚು. ಜನರಿಂದ ದುಡ್ಡು ತೆಗೆದುಕೊಂಡು ಸೀಲ್ ತೋರಿಸಲು ಹೊರಟರೆ ಇಲ್ಲಿ ಸಂರಕ್ಷಣಾ ಇಲಾಖೆಯ ಪರ್ಮಿಟ್ ಬೇಕು.

ಕೆಲಸಕ್ಕೆ ಬಾರದ ವಿಧಾನಗಳನ್ನು ಮೊದಲು ಹೇಳುತ್ತೇನೆ. ದುಡ್ಡು ಹೋದದ್ದು ಅಲ್ಲೇ.

ಇಂಜಿನ್ ನಿಧಾನ ಮಾಡಿ ನೇರವಾಗಿ ಬಂಡೆಯ ಕಡೆ ಹೋಗುವುದು ಎಲ್ಲರೂ ಮಾಡುವ ರೀತಿ. 300 ಮೀಟರ್ ಒಳಗೆ ಅಲೆ ಏಳದಷ್ಟು ನಿಧಾನ ಅನ್ನುವುದು ಹೇಗೂ ನಿಯಮ. ಆ ವೇಗದಲ್ಲೇ ಹೋದರೂ ನೂರು ಮೀಟರ್ ದಾಟುವಷ್ಟರಲ್ಲಿ ತಲೆಗಳು ಏಳುತ್ತವೆ. ಒಂದು ಸೀಲ್ ಜಾರಿ ನೀರಿಗೆ ಬೀಳುತ್ತದೆ, ಅದರ ಹಿಂದೆ ನಾಲ್ಕು. ನಿಮಗೆ ಉಳಿಯುವುದು ಬೆನ್ನುಗಳ ಫೋಟೋ. ಡಿಸೆಂಬರ್‌ನಲ್ಲಿ ಹೀಗೆ ಮಾಡಿದರೆ ಇನ್ನೂ ಕೆಟ್ಟದ್ದು. ನವೆಂಬರ್ ಮಧ್ಯದಿಂದ ಜನವರಿವರೆಗೆ ಮರಿ ಹಾಕುವ ಕಾಲ. ದೊಡ್ಡವು ಗಾಬರಿಯಿಂದ ಓಡಿದರೆ ಮೂರು ನಾಲ್ಕು ಕಿಲೋ ತೂಕದ ಮರಿಗಳು ಕಾಲಡಿ ಸಿಗುತ್ತವೆ. ಗಂಡುಗಳು 150 ಕಿಲೋವರೆಗೆ ಇರುತ್ತವೆ, ಯೋಚಿಸಿ. ಆ ತಿಂಗಳುಗಳಲ್ಲಿ ನಾನು ದೋಣಿ ಇಳಿಸುವುದೇ ಇಲ್ಲ.

ಲಂಗರು ಹಾಕಿ ಕಾಯುವುದು ಎರಡನೆಯದು. ಸರಪಳಿ ಇಳಿಯುವ ಸದ್ದಿಗೇ ಅರ್ಧ ಸೀಲ್‌ಗಳು ಜಾಗ ಬದಲಿಸುತ್ತವೆ. ಅಡಿಯಲ್ಲಿ ಬಂಡೆ, ಕೆಲ್ಪ್ ಅನ್ನುವ ದೊಡ್ಡ ಸಮುದ್ರ ಕಳೆ. ಒಂದು ಲಂಗರು ಸಿಕ್ಕಿಕೊಂಡು ಅಲ್ಲೇ ಕತ್ತರಿಸಿ ಬರಬೇಕಾಯಿತು, ಸರಪಳಿ ಸೇರಿ 150 ಡಾಲರ್ ಸಮುದ್ರಕ್ಕೆ.

ಮೂರನೆಯದು ಎಲೆಕ್ಟ್ರಿಕ್ ಮೋಟರ್. ಸದ್ದಿಲ್ಲ, ಹೊಗೆ ಇಲ್ಲ, ಇದೇ ಉತ್ತರ ಅಂತ ಬಳಗದಲ್ಲಿ ಎಲ್ಲರೂ ಹೇಳಿದ್ದರು. ಮೋಟರ್‌ಗೆ 900, ಲಿಥಿಯಂ ಬ್ಯಾಟರಿಗೆ ಇನ್ನೊಂದು ಸಾವಿರ. ಬುಲ್ ಕೆಲ್ಪ್‌ನ ಉದ್ದನೆಯ ಪಟ್ಟಿಗಳು ಹತ್ತು ನಿಮಿಷದಲ್ಲಿ ಪ್ರೊಪೆಲ್ಲರ್‌ಗೆ ಸುತ್ತಿಕೊಂಡವು. ಕಳೆ ಸಿಗದ ಪ್ರೊಪೆಲ್ಲರ್ ಅಂತ ಬೇರೆ ಮಾರುತ್ತಾರೆ. ಅದು ಕೆರೆಯ ಕಳೆಗೆ ಸರಿ, ಕೈಯಗಲದ ಕೆಲ್ಪ್‌ಗೆ ಅಲ್ಲ. ಮುಂದಿನ ಬೇಸಿಗೆಗೆ ಕನೆಕ್ಟರ್‌ಗಳು ಉಪ್ಪುನೀರಿಗೆ ಹಸಿರುಗಟ್ಟಿದ್ದವು. ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ.

ಲೆನ್ಸ್ ವಿಷಯ ಬೇಗ ಮುಗಿಸುತ್ತೇನೆ. ಬಹಳ ದೂರದ್ದನ್ನು ಹತ್ತಿರ ತೋರಿಸುವ 600 ಮಿಲಿಮೀಟರ್ ಲೆನ್ಸ್ ಬಾಡಿಗೆಗೆ ತರಬೇಡಿ. ಅಲುಗುವ ಸಣ್ಣ ದೋಣಿಯಲ್ಲಿ ಸೀಲ್ ಫ್ರೇಮಿನೊಳಗೆ ನಿಲ್ಲುವುದಿಲ್ಲ. 100-400 ಸಾಕು. ನನ್ನ ಒಳ್ಳೆಯ ಚಿತ್ರಗಳೆಲ್ಲ 200ರ ಒಳಗಿನವು.

ಈ ಎಲ್ಲ ಪ್ರಯತ್ನಗಳ ನಡುವೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಸಾಕು ಅಂತ ಕ್ಯಾಮೆರಾ ಒಳಗಿಟ್ಟು ವಾಪಸ್ ಹೊರಟಾಗ ಎಳೆಯ ಸೀಲ್‌ಗಳು ಹಿಂದೆ ಬರುತ್ತಿದ್ದವು. ನೋಡಲು ಹೋದಾಗ ಓಡುವವು ಬಿಟ್ಟು ಹೊರಟಾಗ ಯಾಕೆ ಬರುತ್ತವೆ? ಬಂಡೆ ಮೇಲಿರುವ ಸೀಲ್‌ನ ಜಾಗದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ನೀರು. ಆ ನೀರಿನ ಕಡೆಯಿಂದಲೇ ಒಂದು ವಸ್ತು ದೊಡ್ಡದಾಗುತ್ತಾ ಬಂದರೆ ದಾರಿ ಮುಚ್ಚುತ್ತಿದೆ ಅಂತ ಅರ್ಥ. ಅದೇ ವಸ್ತು ಸಣ್ಣದಾಗುತ್ತಾ ಹೋದರೆ ಹೆದರಿಕೆ ಹೋಗಿ ಕುತೂಹಲ ಉಳಿಯುತ್ತದೆ. ಹೀಗಾದರೆ ದೋಣಿ ಮೊದಲಿಂದಲೇ ದೂರ ಸರಿಯುತ್ತಿರಬೇಕು, ಅಷ್ಟೇ.

ಅದಕ್ಕೆ ಬೇಕಾದದ್ದು ದಡದಿಂದ ಸಮುದ್ರಕ್ಕೆ ಬೀಸುವ ಗಾಳಿ. ಇಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ. ಬೇಸಿಗೆಯ ಬೆಳಗ್ಗೆ ಕೈಕೌರಾ ಪರ್ಯಾಯ ದ್ವೀಪದ ತುದಿಯಲ್ಲಿ ಅಂಥ ತೆಳುಗಾಳಿ ಇರುತ್ತದೆ. ಮಧ್ಯಾಹ್ನ ಈಶಾನ್ಯದ ಗಾಳಿ ಎದ್ದರೆ ಆಟ ಮುಗಿಯಿತು, ಅದು ಬಂಡೆಯ ಕಡೆಗೇ ತಳ್ಳುತ್ತದೆ. ರ‍್ಯಾಂಪಿನವರು ಹೇಳಿದ ಅಪಾಯ ನಿಜ, ಆದರೆ ಅದು ಗಾಳಿ ಒಳಮುಖವಾಗಿದ್ದಾಗಿನ ಮಾತು. ಗಾಳಿ ಹೊರಮುಖವಾಗಿದ್ದಾಗ ದೋಣಿ ತಾನಾಗಿ ಆಳದ ಕಡೆಗೆ ಹೋಗುತ್ತದೆ. ಆದರೂ ಔಟ್‌ಬೋರ್ಡ್ ಕಾಲನ್ನು ಮೇಲೆತ್ತುವುದಿಲ್ಲ, ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವಂತೆ ನೀರಲ್ಲೇ ಇರುತ್ತದೆ. ದಕ್ಷಿಣದಿಂದ ಉರುಳಿ ಬರುವ ದೊಡ್ಡ ಅಲೆ (ಸ್ವೆಲ್) ಒಂದು ಮೀಟರ್ ಮೀರಿದರೆ ಹೋಗುವುದಿಲ್ಲ. ಇದರಲ್ಲಿ ರಾಜಿ ಇಲ್ಲ.

ಸಮಯದ ವಿಷಯದಲ್ಲೂ ನನ್ನದು ಬೇರೆ ಲೆಕ್ಕ. ಎಲ್ಲರೂ ಸೂರ್ಯ ಹುಟ್ಟುವಾಗ ಹೊರಡುತ್ತಾರೆ, ಬೆಳಕು ಚೆನ್ನ ಅಂತ. ಆಗ ಸೀಲ್‌ಗಳು ರಾತ್ರಿಯೆಲ್ಲ ಬೇಟೆಯಾಡಿ ಬಂದು ಮಲಗಿರುತ್ತವೆ. ಕೈಕೌರಾದಲ್ಲಿ ಸಮುದ್ರದಡಿಯ ಆಳದ ಕಣಿವೆ ದಡದ ಹತ್ತಿರವೇ ಇದೆ. ಅಲ್ಲಿಯ ಲ್ಯಾಂಟರ್ನ್ ಮೀನು, ಸ್ಕ್ವಿಡ್ ರಾತ್ರಿ ಮೇಲಕ್ಕೆ ಬರುತ್ತವೆ, ಸೀಲ್‌ಗಳು ಅವನ್ನು ತಿಂದು ಬಂದು ಬಿದ್ದುಕೊಳ್ಳುತ್ತವೆ. ಬೆಳಗ್ಗೆ 6ಕ್ಕೆ ಅವಕ್ಕೆ ನೀರಿಗಿಳಿಯುವ ಮನಸ್ಸಿಲ್ಲ. ಬಿಸಿಲು ಏರಿ ಬಂಡೆ ಕಾದ ಮೇಲೆ ಕತೆ ಬೇರೆ. ಎರಡು ಪದರದ ತುಪ್ಪಳ ಹೊತ್ತ ಪ್ರಾಣಿಗೆ ಸೆಖೆ ತಡೆಯುವುದಿಲ್ಲ, ತಾವಾಗಿ ನೀರಿಗೆ ಬರುತ್ತವೆ. ನಾನು 9ಕ್ಕೆ ಕೈಕೌರಾದ ಸೌತ್ ಬೇ ಬಂದರಿನಲ್ಲಿ ದೋಣಿ ಇಳಿಸಿ, 10ರಿಂದ 12ರ ನಡುವೆ ಕೆಲಸ ಮುಗಿಸುತ್ತೇನೆ. ಅದೇ ಹೊತ್ತಿಗೆ ಉಬ್ಬರ ಬೀಳುವ ದಿನ ಆರಿಸಿದರೆ ಇನ್ನೂ ಒಳ್ಳೆಯದು. ನೀರು ಏರಿದಾಗ ತಗ್ಗಿನ ಬಂಡೆಗಳು ಮುಳುಗಿ ಮಲಗಲು ಜಾಗ ಕಡಿಮೆ ಆಗುತ್ತದೆ. ಸೂರ್ಯ ಆಗ ಈಶಾನ್ಯದಲ್ಲಿ, ಬಂಡೆ ನೋಡುವ ನಿಮ್ಮ ಬೆನ್ನಿಗೆ ಇರುತ್ತದೆ. ಮುಂಜಾನೆಯ ಬಂಗಾರದ ಬೆಳಕು ಸಿಗುವುದಿಲ್ಲ. ಬಂಗಾರದ ಬೆಳಕಿನಲ್ಲಿ ಮಲಗಿದ ಸೀಲ್ ಬೇಕೋ, ಸಾಧಾರಣ ಬೆಳಕಿನಲ್ಲಿ ಆಡುವ ಸೀಲ್ ಬೇಕೋ ನೀವೇ ಹೇಳಿ.

ಇನ್ನು ಹೋಗುವ ರೀತಿ. ಇಂಜಿನ್‌ನಲ್ಲಿ ಬಂಡೆಗಳಿಗೆ ಸಮಾನಾಂತರವಾಗಿ, 150 ಮೀಟರ್ ಹೊರಗೆ, ಸೀಲ್‌ಗಳಿಗೆ ಚೆನ್ನಾಗಿ ಕಾಣುವಂತೆ ಒಮ್ಮೆ ದಾಟಿ ಹೋಗುತ್ತೇನೆ. ಬೇರೆ ಮೂರು ದೋಣಿಗಳು ಆಗಲೇ ಒಳಗಿದ್ದರೆ ಸರದಿ ಕಾಯುತ್ತೇನೆ. 300 ಮೀಟರ್ ಒಳಗೆ ಮೂರಕ್ಕಿಂತ ಜಾಸ್ತಿ ಇರಬಾರದು. ಆಮೇಲೆ ಗಾಳಿ ಬೀಸಿ ಬರುವ ಬದಿಗೆ ಹೋಗಿ ಇಂಜಿನ್ ಆಫ್. ನಿಂತು ನೋಡುವಾಗ ಒಂದು ನಿಮಿಷದೊಳಗೆ ನ್ಯೂಟ್ರಲ್ ಅಥವಾ ಆಫ್ ಅಂತ ಸಮುದ್ರ ಸಸ್ತನಿಗಳ ರಕ್ಷಣೆಯ 1992ರ ನಿಯಮವೂ ಹೇಳುತ್ತದೆ, ನನಗೆ ಆಫೇ ಇಷ್ಟ. ಅಲ್ಲಿಂದ ಹುಟ್ಟು ಹಾಕುತ್ತೇನೆ. ಹೌದು, 1900 ಡಾಲರಿನ ಎಲೆಕ್ಟ್ರಿಕ್ ಸಾಮಾನು ಮಾಡದ ಕೆಲಸವನ್ನು 100 ಡಾಲರ್ ಚಿಲ್ಲರೆಯ ಮರದ ಹುಟ್ಟು ಮಾಡಿತು. ದೋಣಿಯ ಮೂತಿ ಯಾವತ್ತೂ ಸೀಲ್‌ಗಳ ಕಡೆ ತಿರುಗಿರಬಾರದು, ಓರೆಯಾಗಿ ಸಾಗಬೇಕು. ಬಂಡೆಯಿಂದ ಸುಮಾರು 50 ಮೀಟರ್‌ಗೆ ಬಂದಾಗ ಹುಟ್ಟು ಒಳಗೆ. ದಡದ ಮೇಲಿನ ಸೀಲ್‌ಗೆ 20 ಮೀಟರ್ ಬಿಡಬೇಕು ಅನ್ನುವುದು ಇಲ್ಲಿಯ ಲೆಕ್ಕ, ನನಗೆ ಅಷ್ಟು ಹತ್ತಿರ ಬೇಕಾಗಿಯೇ ಇಲ್ಲ. ಆಮೇಲೆ ಎಲ್ಲರೂ ಕೂತಿರಬೇಕು. ಯಾರೂ ಎದ್ದು ನಿಲ್ಲಬಾರದು. ಗಾಳಿ ದೋಣಿಯನ್ನು ಹೊರಗೆ ಒಯ್ಯುತ್ತದೆ.

ಐದು ನಿಮಿಷ ಏನೂ ಆಗುವುದಿಲ್ಲ. ಹೊಸಬರು ಚಡಪಡಿಸುತ್ತಾರೆ. ಹತ್ತು ನಿಮಿಷದ ಹೊತ್ತಿಗೆ ಕೆಲ್ಪ್ ನಡುವೆ ಒಂದು ತಲೆ. ಆಮೇಲೆ ಮೂರು. ಬಾಗಿಲ ಸಂದಿಯಿಂದ ನೆಂಟರನ್ನು ಇಣುಕುವ ಮಕ್ಕಳ ಹಾಗೆ ನೋಡಿ ಮುಳುಗುತ್ತವೆ, ಇನ್ನೊಂದು ಕಡೆ ಏಳುತ್ತವೆ. 80, 90 ಮೀಟರ್ ಸರಿಯುವಷ್ಟರಲ್ಲಿ ದೋಣಿಯ ಸುತ್ತ ಇರುತ್ತವೆ. ಕೆಲ್ಪ್ ಪಟ್ಟಿ ಬಾಯಲ್ಲಿ ಕಚ್ಚಿ ಎಳೆದಾಡುತ್ತವೆ. ಕೆಲವು ಮೈ ಬಗ್ಗಿಸಿ, ಈಜುಕಾಲುಗಳನ್ನು (ಫ್ಲಿಪ್ಪರ್‌ಗಳನ್ನು) ನೀರಿನ ಮೇಲೆ ಹಿಡಿದು ಸುಮ್ನೆ ತೇಲುತ್ತವೆ. ಫ್ಲಿಪ್ಪರ್ ಮೇಲೆ ತುಪ್ಪಳ ಇಲ್ಲ, ಮೈಬಿಸಿ ಹದ ಮಾಡಿಕೊಳ್ಳುವ ಉಪಾಯ ಅದು. ಆಕ್ಟೋಪಸ್ ಹಿಡಿದು ನೀರಿಗೆ ಅಪ್ಪಳಿಸಿ ಹರಿದು ತಿನ್ನುವುದನ್ನೂ ನೋಡಿದ್ದೇನೆ. 2018ರಲ್ಲಿ ಇದೇ ಕೈಕೌರಾದಲ್ಲಿ ಒಂದು ಸೀಲ್ ಹೀಗೆ ಬೀಸುವಾಗ ಆಕ್ಟೋಪಸ್ ಕಯಾಕಿನವನ ಮುಖಕ್ಕೇ ಬಡಿದ ವಿಡಿಯೊ ನೀವೂ ನೋಡಿರುತ್ತೀರಿ. ತಿನ್ನಲು ಏನೂ ಹಾಕಬೇಡಿ, ಕೈ ಚಾಚಬೇಡಿ. ಅದರ ಹಲ್ಲು ಆಟದ್ದಲ್ಲ.

ಆದರೆ ಒಳ್ಳೆಯ ದಿನ ಬೇಕು. ದಿನ ಆರಿಸಿ ಹೋದರೆ ನಾಲ್ಕರಲ್ಲಿ ಮೂರು ಸಲ ಬರುತ್ತವೆ ಅಂತ ಧೈರ್ಯವಾಗಿ ಹೇಳುತ್ತೇನೆ. ನೇರವಾಗಿ ನುಗ್ಗುವವರಿಗೆ ನಾಲ್ಕರಲ್ಲಿ ಒಂದೂ ಸಿಗುವುದಿಲ್ಲ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ನನ್ನ ಕಾಲ. ಹೊಸ ಮರಿಗಳು ಆಗ ದಡದ ನೀರಿನಲ್ಲಿ ಈಜು ಕಲಿಯುತ್ತಿರುತ್ತವೆ, ಅವುಗಳ ಹತ್ತಿರ ಹೋಗುವುದಿಲ್ಲ. ದೋಣಿ ಸುತ್ತ ಬರುವವು ಹಿಂದಿನ ವರ್ಷದವು, ಅದರ ಹಿಂದಿನವು.

ಭೂಕಂಪ ಸಮುದ್ರದ ತಳವನ್ನೂ ಎತ್ತಿದೆ. ಪರ್ಯಾಯ ದ್ವೀಪದ ಸುತ್ತ ಒಂದು ಮೀಟರ್ ಹತ್ತಿರ ಮೇಲೆ ಬಂದಿದೆ, ಸೌತ್ ಬೇ ಬಂದರನ್ನೇ ಮತ್ತೆ ಅಗೆದು ಆಳ ಮಾಡಬೇಕಾಯಿತು. 2016ಕ್ಕೆ ಮೊದಲಿನ ಜಿಪಿಎಸ್ ಗುರುತುಗಳನ್ನು ನಂಬಿ ಬಂಡೆಗಳ ನಡುವೆ ಹೋಗಬೇಡಿ. ನಾನು ಎಲ್ಲವನ್ನೂ ಅಳಿಸಿ, ಇಳಿತದಲ್ಲಿ ದಡದಿಂದ ಫೋಟೋ ತೆಗೆದು ಹೊಸದಾಗಿ ಗುರುತು ಮಾಡಿದೆ. ಎರಡು ವಾರಾಂತ್ಯ ಹೋಯಿತು, ಅದು ದಂಡವಲ್ಲ.

ಒಮ್ಮೆ ನೀರಿನಡಿಯ ಸದ್ದು ಕೇಳಿಸುವ ಹೈಡ್ರೋಫೋನ್ ತಂದು ಇಳಿಸಿದೆ, 200 ಡಾಲರ್ ಇರಬೇಕು. ಸೀಲ್ ಮಾತಾಡುವುದು ಕೇಳುತ್ತದೆ ಅಂದುಕೊಂಡರೆ ಕೇಳಿಸಿದ್ದು ತಳದ ಚಟಪಟ, ಮತ್ತು ನಮ್ಮದೇ ದೋಣಿ. ಅಲ್ಯೂಮಿನಿಯಂ ನೆಲದ ಮೇಲೆ ಬೂಟು ಎಳೆದರೆ, ನೀರಿನ ಬಾಟಲಿ ಬಿದ್ದರೆ ಕಿವಿಗೆ ಹೊಡೆದ ಹಾಗೆ ಸದ್ದು. ಆ ದಿನವೇ ನೆಲಕ್ಕೆ ದಪ್ಪ ಫೋಮ್ ಹಾಸು ಹಾಕಲು ತೀರ್ಮಾನಿಸಿದೆ. 80 ಡಾಲರ್ ಖರ್ಚು, ಫಲಿತಾಂಶ ಎದ್ದು ಕಾಣುವಷ್ಟು. ದೋಣಿಯ ಹೊರಮೈಗೆ ಸಣ್ಣ ಅಲೆ ಬಡಿಯುವ ಸದ್ದು ತಗ್ಗಿಸಲು ಇನ್ನೊಂದು ಉಪಾಯ ಮಾಡಿದ್ದೇನೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಇಂಜಿನ್ ಆಫ್ ಮಾಡಿ ತೇಲಲು ಶುರು ಮಾಡುವ ಜಾಗವೂ ಅಷ್ಟೇ. ಹೇಳಿದರೆ ಮುಂದಿನ ಬೇಸಿಗೆ ಅಲ್ಲಿ ಹತ್ತು ದೋಣಿ ನಿಂತಿರುತ್ತವೆ.

ಇನ್ನೊಂದು ಪ್ರಯೋಗ ಏಬೆಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನದ ಕರಾವಳಿಯಲ್ಲಿ. ಟೋಂಗಾ ದ್ವೀಪದ ಸೀಲ್‌ಗಳನ್ನು ನೋಡಲು ಕಯಾಕ್ ತೆಗೆದುಕೊಂಡು ಹೋದೆ. 1993ರಿಂದ ಅದರ ಸುತ್ತಲಿನ ನೀರು ಸಾಗರ ಮೀಸಲು ಪ್ರದೇಶ, ನೀರು ತಿಳಿ, ಅಲೆ ಕಡಿಮೆ. ಕಯಾಕ್‌ಗೆ ಸದ್ದೇ ಇಲ್ಲ, ಹಾಗಾಗಿ ಇನ್ನೂ ಸುಲಭ ಅಂದುಕೊಂಡಿದ್ದೆ. ಆದದ್ದು ಉಲ್ಟಾ. ಸದ್ದಿಲ್ಲದೆ, ನೀರಿನ ಮಟ್ಟದಲ್ಲಿ ಬಂಡೆಯ ತಿರುವಿನಿಂದ ಒಮ್ಮೆಲೇ ಹೊರಬಂದರೆ ಸೀಲ್ ಬೆಚ್ಚಿ ಬೀಳುತ್ತದೆ. ಕದ್ದು ಬರುವವನನ್ನು ಯಾರು ನಂಬುತ್ತಾರೆ? ಅಲ್ಲಿಂದ ಬಂದ ಮೇಲೆಯೇ ನಾನು ಮೊದಲು ದೂರದಿಂದ ಕಾಣಿಸಿಕೊಂಡು ದಾಟಿಹೋಗುವ ಸುತ್ತನ್ನು ಸೇರಿಸಿದ್ದು. ಮೌನಕ್ಕಿಂತ ಮುಂಚೆ ಗೊತ್ತಾಗುವುದು ಮುಖ್ಯ ಅಂತ ಈಗ ನನ್ನ ಗಟ್ಟಿ ಅಭಿಪ್ರಾಯ.

ಸೀಲ್ ಬೇಟೆಯ ಕಾಲದಲ್ಲಿ ಇವುಗಳನ್ನು ಚರ್ಮಕ್ಕಾಗಿ ಬಡಿದು ಈ ದೇಶದ ದಡಗಳಿಂದ ಅಳಿಸಿಹಾಕುವಷ್ಟು ಕೊಂದಿದ್ದರು. ಕೊನೆಯ ಬೇಟೆಯ ಅನುಮತಿ 1946ರದ್ದು, ಪೂರ್ತಿ ರಕ್ಷಣೆ ಸಿಕ್ಕಿದ್ದು 1978ರಲ್ಲಿ. ಅಂಥ ಪ್ರಾಣಿ ಇವತ್ತು ಮನುಷ್ಯರ ದೋಣಿಯನ್ನು ಹಿಂಬಾಲಿಸಿ ಬರುತ್ತದೆ ಅನ್ನುವುದು ನನಗೆ ಈಗಲೂ ಮೈ ಜುಮ್ಮೆನ್ನುವ ವಿಷಯ. ನಿಯಮಗಳ ಬಗ್ಗೆ ನನ್ನ ದೋಣಿಯಲ್ಲಿ ವಾದ ನಡೆಯುವುದಿಲ್ಲ. ಇನ್ನೂ ಹತ್ತಿರ ಹೋಗೋಣ ಅಂದವರನ್ನು ಎರಡನೇ ಸಲ ಕರೆದಿಲ್ಲ.

ಮುಂದಿನ ಬೇಸಿಗೆ ಇದನ್ನೇ ಕ್ರೈಸ್ಟ್‌ಚರ್ಚ್ ಪಕ್ಕದ ಬ್ಯಾಂಕ್ಸ್ ಪರ್ಯಾಯ ದ್ವೀಪದಲ್ಲಿ ಮಾಡಿ ನೋಡಬೇಕು. ಅಲ್ಲಿಯ ಅಕರೋವಾ ಊರಿನಿಂದ ಇಳಿದರೆ ನಮಗೆ ದಾರಿ ಅರ್ಧಕ್ಕರ್ಧ ಕಡಿಮೆ, ಪೆಟ್ರೋಲ್ ಉಳಿಯುತ್ತದೆ. ತೊಡಕು ಒಂದೇ. ಕಡಿದಾದ ಗುಡ್ಡಗಳ ನಡುವೆ ಗಾಳಿ ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ. ಅಲ್ಲಿ ಬೆಳಗಿನ ಗಾಳಿಯ ಅನುಭವ ಇದ್ದವರು ನನಗೆ ಹೇಳಿ. ಅಲೆ ಸದ್ದಿನ ಉಪಾಯ ಬದಲಿಗೆ ಕೊಡುತ್ತೇನೆ.