ಬ್ಯಾಕಪ್ ಕೆಟ್ಟರೆ ಮೇಲ್ ಬರಬೇಕೇ? ಎಂಎಸ್‌ಎಂಟಿಪಿ ಸಾಕು

ತುಮಕೂರಿನ ನಮ್ಮ ಅಂಗಡಿಯ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ದಿನಾ ರಾತ್ರಿ ಬಿಲ್ಲಿನ ಲೆಕ್ಕ ಬ್ಯಾಕಪ್ ಆಗುತ್ತದೆ. ಅದು ಕೆಟ್ಟರೆ ನನಗೊಂದು ಮೇಲ್ ಬರಬೇಕಿತ್ತು, ಅಷ್ಟೇ. ಅದಕ್ಕೆ ಪೋಸ್ಟ್‌ಫಿಕ್ಸ್ ಎಂಬ ಪೂರ್ತಿ ಮೇಲ್ ಸರ್ವರನ್ನೇ ಹಾಕಲು ಹೋಗಿ ಎರಡು ಭಾನುವಾರ ಸುಮ್ನೆ ಹಾಳು ಮಾಡಿಕೊಂಡೆ. ಒಂದು ಕಾಗದ ಕಳಿಸಲು ಮನೆಯಲ್ಲೇ ಅಂಚೆ ಕಚೇರಿ ತೆರೆದ ಹಾಗೆ!

ಎಂಎಸ್‌ಎಂಟಿಪಿ (msmtp) ಎಂಬ ಮೇಲ್ ಕಳಿಸುವ ಪುಟ್ಟ ಪ್ರೋಗ್ರಾಂ ಹಾಗಲ್ಲ. ಕೊಟ್ಟ ಮೇಲನ್ನು ನಿಮ್ಮ ಜಿಮೇಲ್ ಸರ್ವರ್‌ಗೆ ದಾಟಿಸಿ ಸುಮ್ಮನಾಗುತ್ತದೆ. ಜೊತೆಗೆ ಎಂಎಸ್‌ಎಂಟಿಪಿ-ಎಂಟಿಎ ಪ್ಯಾಕೇಜನ್ನೂ ಹಾಕಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್, ಮೇಲ್ ಕಳಿಸಲು ಸೆಂಡ್‌ಮೇಲ್ ಎಂಬ ಕಮಾಂಡ್ ಹುಡುಕುತ್ತದೆ. ಆಗ ಅದಕ್ಕೆ ಇದೇ ಸಿಗುತ್ತದೆ.

ಇದರ ಸೆಟ್ಟಿಂಗ್ ಫೈಲಿನಲ್ಲಿ ಪೋರ್ಟ್ 587, ಟಿಎಲ್‌ಎಸ್ (ಗುಪ್ತ ಸಂಪರ್ಕ) ಆನ್. ಜಿಮೇಲ್‌ನ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆದುಕೊಳ್ಳಿ. ಅದು ಇರುವ ಸೆಟ್ಟಿಂಗ್ ಫೈಲಿನ ಅನುಮತಿ 600 ಇರಲಿ, ಅಂದರೆ ನೀವು ಮಾತ್ರ ಓದಿ ಬರೆಯುವಂತೆ. ಬೇರೆಯವರೂ ಓದುವಂತಿದ್ದರೆ ಎಂಎಸ್‌ಎಂಟಿಪಿ ಕೆಲಸವನ್ನೇ ಮಾಡಲ್ಲ. ನಾನು ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದು ಇಲ್ಲೇ.

ಒಂದು ಕೊರತೆ ಇದೆ. ಇದು ಮೇಲನ್ನು ಆಮೇಲೆ ಕಳಿಸಲು ಸರತಿಯಲ್ಲಿ ಇಟ್ಟುಕೊಳ್ಳಲ್ಲ. ಕಳಿಸುವ ಹೊತ್ತಿಗೆ ನೆಟ್ ಇಲ್ಲದಿದ್ದರೆ ಆ ಮೇಲ್ ಹೋದಂತೆಯೇ. ನಮ್ಮ ಕಡೆ ರಾತ್ರಿ ಕರೆಂಟ್ ಹೋದರೆ ರೂಟರ್ ಕೂಡ ಮಲಗುತ್ತದೆ ಅಲ್ವಾ? ಹಾಗಾಗಿ ಮೇಲ್ ಹೋಯಿತೋ ಇಲ್ಲವೋ ಎಂದು ಆಮೇಲೆ ನೋಡಲು, ಸೆಟ್ಟಿಂಗ್ ಫೈಲಿನಲ್ಲಿ ಲಾಗ್ ಫೈಲಿನ ಸಾಲನ್ನೂ ಸೇರಿಸಿ. ರೂಟರ್‌ಗೆ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.