ಭಾಂಗ್ರಾ 90, ಪಾಪ್ 135: ಫುಟ್‌ಬಾಲ್ ಕಾಮಿಡಿಗೆ ಹಾಡು ಕೂರಿಸಿದ ನನ್ನ ಅನುಭವ

ಪಶ್ಚಿಮ ಲಂಡನ್ನಿನ ಹೌನ್ಸ್‌ಲೋದಲ್ಲಿ ತೆಗೆದ ಒಂದು ಸಣ್ಣ ಬಜೆಟ್ಟಿನ ಫುಟ್‌ಬಾಲ್ ಕಾಮಿಡಿಗೆ ನಾನು ಮ್ಯೂಸಿಕ್ ಎಡಿಟರ್. ಕ್ಲೈಮ್ಯಾಕ್ಸಿನಲ್ಲಿ ಮದುವೆ ಮನೆಯ ಭಾಂಗ್ರಾ, ಮೈದಾನದ ಪಾಪ್ ಎರಡನ್ನೂ ಒಂದೇ ಲಯದ ಮೇಲೆ ಓಡಿಸುತ್ತೇನೆ ಅಂದಾಗ ಎಡಿಟರ್ ನಂಬಲಿಲ್ಲ. ನಿರ್ಮಾಪಕರು ದುಡ್ಡು ದಂಡ ಅಂದರು. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರು ಫೋನಿನಲ್ಲೇ, ‘ಆಗಲ್ಲ ಮಾರಾಯ, ಟಿಕೆಟ್ ಒಂದು ಸಿನಿಮಾ ಎರಡು ಅಂದಂಗೆ ಆಗುತ್ತೆ’ ಅಂದರು. ಈಗ ಸಿನಿಮಾ ಮುಗಿದಿದೆ, ಜನ ನೋಡಿಯೂ ಆಗಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಂಥ ಸಿನಿಮಾ ಮಾಡಲು ಹೊರಟರೆ ‘ಬೆಂಡ್ ಇಟ್ ಲೈಕ್ ಬೆಕಮ್’ ಬಿಟ್ಟು ಮಾತಾಡೋದು ಕಷ್ಟ. 2002ರಲ್ಲಿ ಗುರಿಂದರ್ ಚಡ್ಡಾ ಮಾಡಿದ್ದು, ಕಥೆ ಇದೇ ಹೌನ್ಸ್‌ಲೋದ್ದು. ಸಂಗೀತ ಕ್ರೇಗ್ ಪ್ರೂಸ್ ಅವರದು. ಅಕ್ಕನ ಮದುವೆ, ತಂಗಿಯ ಫೈನಲ್ ಮ್ಯಾಚ್ ಎರಡೂ ಒಂದೇ ದಿನ. ಹಾಡುಗಳಲ್ಲಿ ಒಂದು ಕಡೆ ಇಂಗ್ಲಿಷಿನ ಮೆಲನಿ ಸಿ, ಟೆಕ್ಸಾಸ್, ಕರ್ಟಿಸ್ ಮೇಫೀಲ್ಡ್. ಇನ್ನೊಂದು ಕಡೆ ಭಾಂಗ್ರಾದ ಬಿ21, ಬ್ಯಾಲಿ ಸಾಗೂ, ಮಲ್ಕಿತ್ ಸಿಂಗ್. ಆದರೆ ಕೊನೆಯ ಫ್ರೀ ಕಿಕ್ ಹೊತ್ತಿಗೆ ಇವರ್ಯಾರೂ ಇರುವುದಿಲ್ಲ, ಪುಚೀನಿಯ ಒಪೆರಾ ಬರುತ್ತದೆ. ಅದೇ ‘ನೆಸ್ಸುನ್ ದೋರ್ಮಾ’ವನ್ನು ಪಾವರೊಟ್ಟಿ ದನಿಯಲ್ಲಿ ಬಿಬಿಸಿ 1990ರ ವಿಶ್ವಕಪ್ ಪ್ರಸಾರಕ್ಕೆ ಬಳಸಿತ್ತು. ಅಂದರೆ ಇಂಗ್ಲೆಂಡಿನ ಫುಟ್‌ಬಾಲ್ ಪ್ರೇಕ್ಷಕನ ಕಿವಿಯಲ್ಲಿ ಅದು ಆಗಲೇ ಕೂತಿತ್ತು. ಆ ಸಿನಿಮಾವನ್ನು ನಾನು ಹಾಡು ಕೇಳಲು ನೋಡಲಿಲ್ಲ, ಹಾಡು ಎಲ್ಲಿ ನಿಲ್ಲುತ್ತದೆ ಅಂತ ಗುರುತು ಹಾಕಲು ನೋಡಿದೆ. ಎರಡು ಸಂಗೀತಗಳ ಜಗಳ ತೀರಬೇಕಾದ ಜಾಗದಲ್ಲಿ ಎರಡನ್ನೂ ಹೊರಗೆ ಕಳಿಸಬೇಕು. ಈ ಒಂದು ಪಾಠ ಅಲ್ಲಿಂದ ತಂದದ್ದು, ಉಳಿದದ್ದು ನಮ್ಮದೇ.

ನಮ್ಮ ಟೆಂಪ್ ಟ್ರ್ಯಾಕಿನಲ್ಲಿ, ಅಂದರೆ ಎಡಿಟಿಂಗ್ ವೇಳೆ ತಾತ್ಕಾಲಿಕವಾಗಿ ಹಾಕುವ ಸಂಗೀತದಲ್ಲಿ, ಎಡಿಟರ್ ಎಲ್ಲರೂ ಮಾಡುವುದನ್ನೇ ಮಾಡಿದ್ದ. ಮನೆ ಬಂದರೆ ಧೋಲ್, ಮೈದಾನ ಬಂದರೆ ಗಿಟಾರ್. ಅಪ್ಪ ಅಮ್ಮ ಅಂದರೆ ಭಾಂಗ್ರಾ, ಮಗಳು ಅಂದರೆ ಪಾಪ್. ನನಗೆ ಇದು ಮೊದಲ ದಿನದಿಂದ ಸರಿಹೋಗಲಿಲ್ಲ. ಯಾಕೆಂದರೆ ಬ್ರಿಟನ್ನಿನಲ್ಲಿ ಭಾಂಗ್ರಾ ಯಾವತ್ತೂ ಸುಮ್ನೆ ಹಿರಿಯರ ಹಾಡಾಗಿರಲಿಲ್ಲ. 70ರ ದಶಕದ ಕೊನೆಯಲ್ಲಿ ಪಶ್ಚಿಮ ಲಂಡನ್ನಿನ ಸೌತಾಲಿನಲ್ಲಿ ಚನ್ನಿ ಸಿಂಗ್ ಅವರ ಅಲಾಪ್ ತಂಡ ಶುರುವಾಯಿತು. ಆಮೇಲೆ ಕುಲ್ಜಿತ್ ಭಾಮ್ರಾ ಅಂಥವರು ಧೋಲಕ್, ತಬಲಾ ಪಕ್ಕಕ್ಕೆ ಸಿಂಥಸೈಜರ್, ಡ್ರಮ್ ಮಷೀನ್ ತಂದರು. 80ರ ದಶಕದಲ್ಲಿ ‘ಡೇಟೈಮರ್’ ಅಂತ ನಡೆಯುತ್ತಿತ್ತು. ರಾತ್ರಿ ಹೊರಗೆ ಬಿಡದ ಮನೆಗಳ ಹುಡುಗ ಹುಡುಗಿಯರು ಕಾಲೇಜಿಗೆ ಅಂತ ಹೊರಟು, ಹಾಡಹಗಲೇ ಕ್ಲಬ್ಬಿನಲ್ಲಿ ಭಾಂಗ್ರಾಕ್ಕೆ ಕುಣಿದು, ಸಂಜೆಯ ಹೊತ್ತಿಗೆ ಮನೆ ಸೇರುತ್ತಿದ್ದರು. ನಮ್ಮ ಸಿನಿಮಾದ ಅಮ್ಮನ ವಯಸ್ಸು ಲೆಕ್ಕ ಹಾಕಿದೆ. ಸರಿಯಾಗಿ ಆ ಕಾಲದ ಹುಡುಗಿ! ಮಗಳು ಕದ್ದು ಫುಟ್‌ಬಾಲಿಗೆ ಹೋದ ಹಾಗೆಯೇ ಅಮ್ಮ ಕದ್ದು ಭಾಂಗ್ರಾಕ್ಕೆ ಹೋಗಿರಬೇಕು. ನಿರ್ದೇಶಕಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅಮ್ಮನಿಗೆ ಒಂದು ಹೊಸ ಸಾಲು ಬರೆದರು. ಎರಡೂ ಹಾಡು ಒಂದೇ ನಾಡಿಯಲ್ಲಿ ಮಿಡಿಯಬೇಕು ಅನ್ನುವ ಹಠ ನನಗೆ ಅಲ್ಲಿಂದ ಹತ್ತಿದ್ದು.

ಹಠ ಸುಲಭ, ಕೆಲಸ ಕಷ್ಟ. ಭಾಂಗ್ರಾದಲ್ಲಿ ಧೋಲ್ ಬಾರಿಸುವ ಮೂಲ ತಾಳಕ್ಕೆ ಚಾಲ್ ಅನ್ನುತ್ತಾರೆ. ಅದು ತೂಗಾಡುವ ನಡೆ, ಪಾಪ್ ನೇರ ನಡೆ. ಮೊದಲು ಪಾಪ್ ಹಾಡನ್ನೇ ಎಳೆದು ಚಾಲ್ ವೇಗಕ್ಕೆ ತಂದು ನೋಡಿದೆ. ಹಾಡುಗಾರ್ತಿ ನಿದ್ದೆಗಣ್ಣಲ್ಲಿ ಹಾಡಿದಂತಾಯಿತು. ಧೋಲ್ ಲೂಪನ್ನು ನಿಮಿಷಕ್ಕೆ 120 ಏಟಿಗೆ ಏರಿಸಿದಾಗ ತಿಲ್ಲಿಯ, ಅಂದರೆ ಧೋಲಿನ ತೆಳು ದನಿಯ ಬದಿಯ, ಏಟುಗಳೆಲ್ಲ ಚಿಟಚಿಟ ಅಂತ ಒಡೆದವು. ಚಾಲನ್ನು ಕಂಪ್ಯೂಟರಿನ ಸಮ ಅಂತರದ ಗ್ರಿಡ್ಡಿಗೆ ಕೂರಿಸಿ ನೇರ ಮಾಡಿದ್ದು ಎಲ್ಲಕ್ಕಿಂತ ಕೆಟ್ಟ ಪ್ರಯೋಗ. ಪಂಜಾಬಿ ಸಹಾಯಕ ನಿರ್ದೇಶಕ ಕೇಳಿ, ‘ಇದು ಧೋಲ್ ಅಲ್ಲ, ಮೊಬೈಲ್ ರಿಂಗ್‌ಟೋನ್’ ಅಂದ. ಎರಡು ಹಾಡಿನ ನಡುವೆ ಕ್ರಾಸ್‌ಫೇಡ್ (ಒಂದನ್ನು ತಗ್ಗಿಸುತ್ತ ಇನ್ನೊಂದನ್ನು ಏರಿಸುವುದು) ಅಂತೂ ಪ್ರತಿ ಸಲವೂ ಕಾಲು ಎಡವಿದ ಹಾಗೆ. ಸ್ಟುಡಿಯೋ ಬಾಡಿಗೆ, ನನ್ನ ದಿನಗೂಲಿ ಎಲ್ಲ ಸೇರಿ ಒಂದೂವರೆ ಸಾವಿರ ಪೌಂಡ್ ಹತ್ತಿರ ಈ ಹಂತದಲ್ಲೇ ಹೋಯಿತು.

ದಾರಿ ಸಿಕ್ಕಿದ್ದು ಚಿಕ್ಕಂದಿನ ಮೃದಂಗದ ಪಾಠದಿಂದ. ತಕಿಟ ತಕಿಟ ಅಂತ ಹೇಳಿ. ಆರು ಅಕ್ಷರ, ಎರಡು ಏಟು. ಅದೇ ಆರು ಅಕ್ಷರವನ್ನು ಅದೇ ವೇಗದಲ್ಲಿ ತಕ ತಕ ತಕ ಅಂತ ಹೇಳಿ. ಈಗ ಮೂರು ಏಟು. ಚಾಲ್ ಒಳಗೆ ಇರುವುದು ತಿಶ್ರ, ಅಂದರೆ ಮೂರರ ನಡೆ, ಪಾಪ್ ಒಳಗೆ ಇರುವುದು ನೇರವಾದ ಎರಡು. ಚಾಲ್ 90 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 90 ಏಟಿನಲ್ಲಿ, ಇದ್ದರೆ ನಿಮಿಷಕ್ಕೆ 270 ಅಕ್ಷರ. ಅದನ್ನು ಎರಡೆರಡಾಗಿ ಕಟ್ಟಿದರೆ 135. ಗಿಟಾರ್ ಪಾಪ್‌ಗೆ 135 ಒಳ್ಳೆಯ ಓಟದ ವೇಗ. ಯಾವುದನ್ನೂ ಎಳೆಯಬೇಕಿಲ್ಲ, ಕುಗ್ಗಿಸಬೇಕಿಲ್ಲ. ಒಂದರಿಂದ ಇನ್ನೊಂದಕ್ಕೆ ಹಾರಿದಾಗ ಒಳಗಿನ ಅಕ್ಷರ ಕೆಡುವುದೇ ಇಲ್ಲ.

90ನ್ನೇ ಹಿಡಿದದ್ದಕ್ಕೆ ಇನ್ನೊಂದು ಕಾರಣ ಇದೆ. ನಾವು ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದದ್ದು. 90ರ ಒಂದು ಏಟು ಅಂದರೆ ಸರಿಯಾಗಿ 16 ಫ್ರೇಮ್. ಎರಡು ಚಾಲ್ ಏಟು 32 ಫ್ರೇಮ್, ಅಷ್ಟರಲ್ಲೇ ಪಾಪ್‌ನ ಮೂರು ಏಟು ಮುಗಿಯುತ್ತದೆ. ನಾಲ್ಕು ಏಟಿಗೆ ಒಂದು ಬಾರ್. ಚಾಲ್‌ನ ಎರಡು ಬಾರ್ ಅಂದರೆ ಪಾಪ್‌ನ ಮೂರು ಬಾರ್, 128 ಫ್ರೇಮ್. ಎಡಿಟರ್‌ಗೆ ನಾನು ಹೇಳಿದ್ದು ಇಷ್ಟೇ: ಮದುವೆಯಿಂದ ಮೈದಾನಕ್ಕೆ ಕಟ್ ಮಾಡುವುದಿದ್ದರೆ 32ರ ಗುಣಕದಲ್ಲಿ ಮಾಡು, ದೊಡ್ಡ ಕಟ್ ಇದ್ದರೆ 128ರಲ್ಲಿ. ಮೊದಲು ಗೊಣಗಿದ. ಒಂದು ರೀಲ್ ಹಾಗೆ ಕಟ್ಟಿ ನೋಡಿದ ಮೇಲೆ ತಾನೇ ಟೈಮ್‌ಲೈನಿಗೆ ಗುರುತು ಹಾಕಿಕೊಂಡು ಕೂತ.

25 ಫ್ರೇಮ್‌ನಲ್ಲಿ ಮಾಡುವವರು 93.75 ಇಟ್ಟುಕೊಳ್ಳಿ, ಮತ್ತೆ 16 ಬರುತ್ತದೆ. ಧೋಲನ್ನು ಮಾತ್ರ ಪೂರ್ತಿ ಗ್ರಿಡ್ಡಿಗೆ ಕಟ್ಟಬೇಡಿ. 128ಕ್ಕೊಮ್ಮೆ ಮೊದಲ ಏಟು ಸರಿಯಾಗಿ ಕೂತರೆ ಸಾಕು, ನಡುವೆ ಅದು ಉಸಿರಾಡಲಿ. ಪಾಪ್ ಹಾಡಿನ ಸಾಲುಗಳು ಸಾಮಾನ್ಯವಾಗಿ ನಾಲ್ಕು ಬಾರಿನವು. ಅವನ್ನು ಮೂರು ಬಾರಿನ ಗುಂಪಿಗೆ ಹೇಗೆ ಕೂರಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಮುಂದಿನ ಸಿನಿಮಾಕ್ಕೂ ನನ್ನ ಹೊಟ್ಟೆಪಾಡು ಅದೇ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಸಂಗೀತಕ್ಕೆ ಒಟ್ಟು ಇದ್ದದ್ದು ಸುಮಾರು 16 ಸಾವಿರ ಪೌಂಡ್. ಎಲ್ಲರಿಗೂ ಗೊತ್ತಿರುವ ಒಂದು ಪಾಪ್ ಹಾಡು ಕೇಳಿದೆವು. ಪಬ್ಲಿಷರ್ ಕಡೆ ಸಿಂಕ್ (ರಚನೆಯನ್ನು ಸಿನಿಮಾಕ್ಕೆ ಬಳಸುವ ಹಕ್ಕು), ಕಂಪನಿ ಕಡೆ ಮಾಸ್ಟರ್ (ರೆಕಾರ್ಡಿಂಗಿನ ಹಕ್ಕು), ಎರಡೂ ಸೇರಿ 14 ಸಾವಿರದ ಆಸುಪಾಸು ಹೇಳಿದರು. ಅದೂ ಫೆಸ್ಟಿವಲ್ ಬಿಟ್ಟು ಮುಂದೆ ಹೋದರೆ ಮತ್ತೆ ಬೇರೆ ಲೆಕ್ಕ. ಜೊತೆಗೆ ‘ಫೇವರ್ಡ್ ನೇಷನ್ಸ್’ ಷರತ್ತು. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೂ ಅಷ್ಟೇ ಕೊಡಬೇಕು. ಅಲ್ಲಿಗೆ ಆ ಹಾಡು ಬಿಟ್ಟೆವು.

ಭಾಂಗ್ರಾ ಕಡೆ ಕಷ್ಟ ಬೇರೆ ಥರ. ನಿರ್ದೇಶಕಿಗೆ 80ರ ದಶಕದ ಒಂದು ಕ್ಯಾಸೆಟ್ ಹಾಡೇ ಬೇಕಿತ್ತು. ಆ ಕಂಪನಿ ಯಾವತ್ತೋ ಮುಚ್ಚಿದೆ, ಹಕ್ಕು ಕೈಯಿಂದ ಕೈಗೆ ಹೋಗಿದೆ. ಎಲ್ಲರೂ ‘ಹಾಕ್ಕೊಳ್ಳಿ ಪುತ್ತರ್’ ಅನ್ನುತ್ತಾರೆ, ಯಾರ ಹತ್ತಿರವೂ ಕಾಗದ ಇಲ್ಲ. ಕಾಗದ ಇಲ್ಲದೆ ಇನ್ಶೂರೆನ್ಸ್ ಸಿಗಲ್ಲ, ಇನ್ಶೂರೆನ್ಸ್ ಇಲ್ಲದೆ ವಿತರಕ ಸಿನಿಮಾ ಮುಟ್ಟಲ್ಲ. ವಾರಗಟ್ಟಲೆ ಅಲೆದು, ವಕೀಲರಿಗೆ 800 ಪೌಂಡ್ ಸುರಿದು, ಕೊನೆಗೆ ಕೈಬಿಟ್ಟೆವು. ರಿಮಿಕ್ಸ್ ಹಾಡುಗಳಂತೂ ಇನ್ನೂ ಗೋಜಲು. ದನಿ ಪಂಜಾಬಿನಲ್ಲಿ ರೆಕಾರ್ಡ್ ಆಗಿರುತ್ತದೆ, ಬೀಟು ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿರುತ್ತದೆ, ಒಳಗೆ ಇನ್ನಾರದೋ ಸ್ಯಾಂಪಲ್ ಇರುತ್ತದೆ.

ಹಾಗಾಗಿ ಎರಡೂ ಹಾಡು ಹೊಸದಾಗಿ ಮಾಡಿಸಿದೆ. ಬೋಲಿ ಅನ್ನುವ ಸಾಂಪ್ರದಾಯಿಕ ಪಂಜಾಬಿ ಜನಪದ ಪದ್ಯದ ಸಾಲು, ನಮ್ಮದೇ ರಾಗ. ಬೇರೆಯವರ ಅರೇಂಜ್‌ಮೆಂಟಿನ ನೆರಳೂ ಬೀಳದ ಹಾಗೆ ನೋಡಿಕೊಂಡೆವು. ಬೋಲಿ ಹಳೆಯದಾದರೂ ಅದನ್ನು ಕಟ್ಟಿದ ರೀತಿ ಯಾರದೋ ಸೊತ್ತಾಗಿರಬಹುದು. ಪಾಪ್ ಕಡೆ ಯಾವ ಕಂಪನಿಗೂ ಸಹಿ ಹಾಕದ ಹುಡುಗಿಯರ ಒಂದು ಬ್ಯಾಂಡ್ ಸಿಕ್ಕಿತು. ಹಾಡು ಅವರದೇ, ಮಾಸ್ಟರ್ ಅವರದೇ, ಒಂದೇ ಸಹಿಗೆ ಕೆಲಸ ಮುಗಿಯಿತು. ಅವರಿಗೆ ಮೂರು ಸಾವಿರ, ಭಾಂಗ್ರಾ ತಂಡಕ್ಕೆ ಮೂರು ಸಾವಿರ. ನೂರು ಪೌಂಡ್ ಕೂಡ ವ್ಯತ್ಯಾಸ ಇರಬಾರದು ಅಂತ ನಾನೇ ಪಟ್ಟು ಹಿಡಿದೆ.

ಧೋಲ್ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಬೇಡ ಅಂದೆ. ಒಣ ಕೋಣೆಯಲ್ಲಿ ಧೋಲ್ ಸತ್ತ ಹಾಗೆ ಕೇಳುತ್ತದೆ. ಹೌನ್ಸ್‌ಲೋದ ಒಂದು ಸಮುದಾಯ ಭವನ ಹಿಡಿದೆವು, ದಿನಕ್ಕೆ 120 ಪೌಂಡ್ ಇರಬೇಕು. ತೊಂದರೆ ಏನಂದರೆ ತಲೆ ಮೇಲೆ ಹೀಥ್ರೂ ವಿಮಾನ. ಒಂದು ಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು. ಅಲ್ಲಿ ವಾಸ ಮಾಡುವವರಿಗೆ ಗೊತ್ತಿರುತ್ತದೆ: ಪಶ್ಚಿಮದ ಗಾಳಿ ಇರುವ ದಿನ ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಾಗುತ್ತದೆ. ವೇಳಾಪಟ್ಟಿ ನೋಡಿಕೊಂಡು ನಮ್ಮ ಕಡೆ ಶಾಂತವಾಗುವ ಹೊತ್ತಿಗೆ ಧೋಲ್ ಕಟ್ಟಿದೆವು. ಡಗ್ಗಾ ಅಂದರೆ ಧೋಲಿನ ತಗ್ಗು ದನಿಯ ಬದಿಗೆ ಡೈನಮಿಕ್ ಮೈಕ್, ತಿಲ್ಲಿ ಕಡೆ ಕಂಡೆನ್ಸರ್ ಮೈಕ್, ಭವನದ ಮೂಲೆಯಲ್ಲಿ ಒಂದು ಜೋಡಿ. ಆ ಮೂಲೆಯ ಜೋಡಿಯೇ ಸಿನಿಮಾದಲ್ಲಿ ಜಾಸ್ತಿ ಕೇಳುವುದು.

ಅದೇ ಮಧ್ಯಾಹ್ನ ಒಂದು ಅಡ್ಡ ಪ್ರಯೋಗ. ಊರಿಂದ ಬರುವಾಗ ತಂದಿದ್ದ ಫೈಬರ್ ತಮಟೆ ನನ್ನ ಹತ್ತಿರ ಇತ್ತು. ಧೋಲ್ ಜೊತೆ ಬಾರಿಸಿ ನೋಡಿದೆ. ತಮಟೆಯ ಏಟೂ ತಿಲ್ಲಿಯ ಏಟೂ ಒಂದೇ ಜಾಗಕ್ಕೆ ಕಿತ್ತಾಡಿದವು. ಮದುವೆ ದೃಶ್ಯಕ್ಕೆ ಅದು ಸಲ್ಲದು, ಪಂಜಾಬಿ ಕಿವಿ ತಕ್ಷಣ ಹಿಡಿಯುತ್ತದೆ. ಆದರೆ ಅಭ್ಯಾಸದ ಮಾಂಟಾಜಿನಲ್ಲಿ ಪಾಪ್ ಹಾಡಿನ ಹೈ ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ತೆಗೆದು ಅಲ್ಲಿ ತಮಟೆ ಇಟ್ಟೆ. ಮಳೆ, ಕೆಸರು, ಓಡುವ ಹುಡುಗಿಯರು, ಕೆಳಗೆ ತಮಟೆ. ಅದು ಏನು ವಾದ್ಯ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ, ಆದರೆ ಆ ಜಾಗದಲ್ಲಿ ಎಲ್ಲರ ಕಾಲೂ ಅಲ್ಲಾಡುತ್ತದೆ.

ಮಿಕ್ಸಿನಲ್ಲಿ ದೊಡ್ಡ ತಲೆನೋವು ಚೆಂಡು. ಒದೆಯುವ ‘ದಪ್’ ಶಬ್ದವೂ ಡಗ್ಗಾದ ಶಬ್ದವೂ ಒಂದೇ ತಗ್ಗಿನಲ್ಲಿ ಕೂರುತ್ತವೆ. ಎರಡನ್ನೂ ಹಾಗೇ ಉಳಿಸಿದರೆ ಶಬ್ದವೆಲ್ಲ ಕೆಸರು. ನಾನು ಮಾಡಿದ್ದು: ಕಾಲು ಚೆಂಡಿಗೆ ತಾಗುವ ಫ್ರೇಮಿನಲ್ಲಿ ಡಗ್ಗಾ ತೆಗೆದುಬಿಟ್ಟೆ. ಅಲ್ಲಿ ಚೆಂಡೇ ಡಗ್ಗಾ. ಮದುವೆ ಮನೆಯ ತಿಲ್ಲಿ ಮೇಲೆ ಓಡುತ್ತಿರುತ್ತದೆ, ಕೆಳಗಿನ ಏಟನ್ನು ಹುಡುಗಿಯರು ಕಾಲಲ್ಲಿ ಹೊಡೆಯುತ್ತಿರುತ್ತಾರೆ.

ಈ ಜೋಡಣೆಯಿಂದಲೇ ನಮ್ಮ ಅತಿ ದೊಡ್ಡ ನಗು ಬಂತು. ಗೋಲ್‌ಕೀಪರ್ ಮದುಮಗಳ ಚಿಕ್ಕಪ್ಪನ ಮಗಳು. ಕೈ ತುಂಬ ಒಣಗದ ಮೆಹಂದಿ, ಗ್ಲೌಸ್ ಹಾಕುವ ಹಾಗಿಲ್ಲ. ಚೆಂಡು ಬರುತ್ತದೆ, ಧೋಲ್ ಏರುತ್ತದೆ. ಅವಳು ಎರಡೂ ಕೈ ಮೇಲೆತ್ತಿ ಎದೆಯಲ್ಲಿ ತಡೆಯುತ್ತಾಳೆ. ಎಡಿಟರ್ ಹಾಡನ್ನು ಬಾರಿನ ಕೊನೆಯಲ್ಲಿ ನಿಲ್ಲಿಸಿದ್ದ, ಯಾರೂ ನಗಲಿಲ್ಲ. ನಾನು ಮೂರನೇ ಏಟಿನ ಮೇಲೆ ಕತ್ತರಿಸಿದೆ. ಕಿವಿ ನಾಲ್ಕನೆಯದಕ್ಕೆ ಕಾಯುತ್ತಿರುವಾಗ ಮೌನ, ಆ 16 ಫ್ರೇಮಿನ ಮೌನದ ಕೊನೆಗೆ ಅತ್ತೆಯ ‘ಹಾಯ್ ರಬ್ಬಾ!’. ಮೊದಲು ಅಲ್ಲಲ್ಲಿ ತುಂಬಿ ಅನ್ನುವ ಒಂಟಿ ತಂತಿಯ ಪಂಜಾಬಿ ವಾದ್ಯದ ‘ಟುಯ್ ಟುಯ್’ ಹಾಕಿದ್ದರು, ಇಲ್ಲಿ ನಗಿ ಅಂತ ಹೇಳುವ ಹಾಗೆ. ಅವನ್ನೆಲ್ಲ ಕಿತ್ತು ಹಾಕಿದೆ. ತುಂಬಿ ಅಂಥ ಅಗ್ಗದ ವಾದ್ಯ ಅಲ್ಲ.

ಕೊನೆಯ ಪೆನಾಲ್ಟಿಗೆ ಒಪೆರಾ ತರುವ ಹಾಗಿಲ್ಲ, ಅದು ‘ಬೆಂಡ್ ಇಟ್ ಲೈಕ್ ಬೆಕಮ್’ ಸಿನಿಮಾದ್ದು. ಧೋಲೂ ಗಿಟಾರೂ ಎರಡನ್ನೂ ತೆಗೆದೆ. ಉಳಿಸಿದ್ದು ಪಂಜಾಬಿ ಹೆಂಗಸರ ಕುಣಿತ ಗಿದ್ದಾದ ಚಪ್ಪಾಳೆ ಮಾತ್ರ. ಮದುವೆ ಹಾಲಿನಲ್ಲಿ ಹೆಂಗಸರು ತಟ್ಟಿದ್ದನ್ನೇ ಮೈದಾನದ ಪ್ರೇಕ್ಷಕರ ಚಪ್ಪಾಳೆಯ ಜಾಗಕ್ಕೆ ಇಟ್ಟೆ.

ಪರೀಕ್ಷೆಯ ಪ್ರದರ್ಶನಕ್ಕೆ ಅರವತ್ತೋ ಎಪ್ಪತ್ತೋ ಜನ ಬಂದಿದ್ದರು, ಅರ್ಧದಷ್ಟು ಹೌನ್ಸ್‌ಲೋದ ಆಂಟಿಯರು. ಮದುವೆ ದೃಶ್ಯದಲ್ಲಿ ಚಾಲ್‌ಗೆ ಚಪ್ಪಾಳೆ ಹಾಕಲು ಶುರು ಮಾಡಿದರು. ಕಟ್ ಆಯಿತು, ಮೈದಾನ ಬಂತು, ಗಿಟಾರ್ ಬಂತು. ಚಪ್ಪಾಳೆ ನಿಲ್ಲಲಿಲ್ಲ, ತಪ್ಪಲೂ ಇಲ್ಲ! ಅದೇ 90ರ ಚಪ್ಪಾಳೆ 135ರ ಹಾಡಿನ ಮೇಲೆ ಹಾಗೇ ಕೂತು ಮುಂದುವರಿಯಿತು. ಎಡಿಟರ್ ನನ್ನ ಕಡೆ ತಿರುಗಿ ನೋಡಿದ. ನಾನು ಅವತ್ತಿಗಾಗಿಯೇ ಕಾದಿದ್ದೆ.

ಒಟ್ಟು ಖರ್ಚು 13 ಸಾವಿರದ ಒಳಗೇ ನಿಂತಿತು. ಉಳಿದದ್ದರಲ್ಲಿ ಗಿದ್ದಾ ಹೆಂಗಸರಿಗೂ ಧೋಲ್ ಹುಡುಗನಿಗೂ ಸ್ವಲ್ಪ ಜಾಸ್ತಿ ಕೊಡಿಸಿದೆ. ಬ್ರಿಟನ್ನಿನಲ್ಲಿ ಹಾಡು ಕಟ್ಟಿದವರಿಗೆ ರಾಯಲ್ಟಿ ಹಂಚುವ ಪಿಆರ್‌ಎಸ್ ಸಂಸ್ಥೆಗೆ ಕಳಿಸುವ ಕ್ಯೂ ಶೀಟನ್ನು, ಅಂದರೆ ಸಿನಿಮಾದಲ್ಲಿ ಬರುವ ಹಾಡುಗಳ ಪಟ್ಟಿಯನ್ನು, ನಾನೇ ಕೂತು ತುಂಬಿದೆ. ಹಾಡು ಕಟ್ಟುವಾಗ ಆ ಹುಡುಗನದೂ ಪಾಲಿತ್ತು, ಅದಕ್ಕೆ ಬರೀ ವಾದಕ ಅಂತ ಬಿಡದೆ ರಚನೆಯಲ್ಲೂ ಪಾಲು ಹಾಕಿಸಿದೆ. ಸಿನಿಮಾ ಟಿವಿಯಲ್ಲಿ ಬಂದ ಸಲವೆಲ್ಲ ಅವನ ಲೆಕ್ಕಕ್ಕೂ ಒಂದಿಷ್ಟು ಸೇರುತ್ತದೆ.