ಹೆಬ್ಬೆರಳಿಗೆ ಪಟ್ಟಿ ಬಿದ್ದ ಮೇಲೆ ಕ್ಯೂ ಸೀದಾ ಓಡಿತು

ಸ್ನೂಕರ್ ಪಾರ್ಲರ್‌ನಲ್ಲಿ ಮಾತೆಲ್ಲ ಮುಂದಿನ ಕೈದೇ. ಬ್ರಿಜ್, ಅಂದರೆ ಟೇಬಲ್ ಮೇಲೆ ಊರಿದ ಕೈಯ ಆಧಾರ, ಗಟ್ಟಿ ಇದೆಯಾ, ಬೆರಳು ಎಷ್ಟು ಅಗಲಿಸಬೇಕು, ಗದ್ದ ಹೊಡೆಯುವ ಕೋಲಿಗೆ, ಅಂದರೆ ಕ್ಯೂಗೆ, ತಾಗಬೇಕಾ. ಕ್ಯೂ ಹಿಡಿದ ಹಿಂದಿನ ಕೈ ಏನು ಮಾಡುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಆಡುವವನಿಗೆ ಅದು ಕಾಣುವುದೂ ಇಲ್ಲ, ಬೆನ್ನ ಹಿಂದೆ ಇರುತ್ತದಲ್ವಾ. ನನ್ನ ಬಲಗೈ ಹೆಬ್ಬೆರಳು ಅಂಗಡಿಯ ಶಟರ್‌ಗೆ ಸಿಕ್ಕಿ ಜಜ್ಜಿಹೋಗದಿದ್ದರೆ ನಾನೂ ಆ ಕಡೆ ಗಮನ ಕೊಡುತ್ತಿರಲಿಲ್ಲ.

ಎಲುಬಿಗೆ ಏನೂ ಆಗಿರಲಿಲ್ಲ. ಉಗುರು ಕಪ್ಪಾಗಿ ಬೆರಳು ಬಾತಿತ್ತು. ಡಾಕ್ಟರು ಪಟ್ಟಿ ಕಟ್ಟಿ, ಆ ಬೆರಳಿನಿಂದ ಏನನ್ನೂ ಒತ್ತಬೇಡಿ ಅಂದರು. ಬಾವು ಇಳಿಯುವ ತನಕ ಟೇಬಲ್ ಕಡೆ ಸುಳಿಯಲಿಲ್ಲ. ಆಮೇಲೆ ಪಟ್ಟಿ ಇರುವಾಗಲೇ ಒಂದು ಸಂಜೆ ಹೋದೆ. ಕ್ಯೂವನ್ನು ಉಳಿದ ಬೆರಳುಗಳ ಮೇಲೆ ಸುಮ್ನೆ ಮಲಗಿಸಿ, ಹೆಬ್ಬೆರಳನ್ನು ನೆಲದ ಕಡೆ ಇಳಿಬಿಟ್ಟೆ. ನೋವಾಗಲಿಲ್ಲ.

ಬೆಂಗಳೂರಿನಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಅವರಿಗೆ ಅರವಿಂದ್ ಸವೂರ್ ಅವರಂಥ ಗುರು ಸಿಕ್ಕರು. ಕಲಬುರಗಿಯಲ್ಲಿ ನನಗೆ ಸಿಕ್ಕವರು ನಮ್ಮ ಪಾರ್ಲರ್‌ನ ಮಾರ್ಕರ್ ಚಾಚಾ. ಸ್ಕೋರ್ ಬರೆಯುತ್ತಾ ಕೂತೇ ಎಷ್ಟೋ ಜನರ ಆಟ ಅರೆದು ಕುಡಿದವರು. ನನ್ನ ನಾಲ್ಕೈದು ಶಾಟ್ ನೋಡಿ ಎದ್ದು ಬಂದರು. "ಬಣ್ಣದ ಬಾಲ್ ಎಲ್ಲಾ ತೆಗೀತೀನ್ರಿ. ಬರೇ ಬಿಳಿ ಬಾಲ್ ಹೊಡೀರಿ, ಒಂದು ನೋಡೋದದ" ಅಂದರು.

ಅವರು ಮಾಡಿಸಿದ್ದು ಹಳೆಯ ಪರೀಕ್ಷೆ. ಬ್ರೌನ್, ಬ್ಲೂ, ಪಿಂಕ್, ಬ್ಲ್ಯಾಕ್, ಈ ನಾಲ್ಕು ಬಾಲ್ ಇಡುವ ಗುರುತುಗಳು, ಅಂದರೆ ಸ್ಪಾಟ್‌ಗಳು, ಟೇಬಲ್‌ನ ನಟ್ಟನಡುವೆ ಒಂದೇ ಗೆರೆಯಲ್ಲಿವೆ. ಬಿಳಿ ಬಾಲನ್ನು ಬ್ರೌನ್ ಸ್ಪಾಟ್ ಮೇಲಿಟ್ಟು, ಉಳಿದ ಮೂರು ಸ್ಪಾಟ್ ದಾಟಿಸಿ ಎದುರಿನ ಕುಶನ್‌ಗೆ, ಅಂದರೆ ಟೇಬಲ್ ಅಂಚಿನ ರಬ್ಬರ್ ಪಟ್ಟಿಗೆ, ಹೊಡೆಯಬೇಕು. ಹೊಡೆತ ಬಾಲ್‌ನ ನಡುವಿಗೆ ಸರಿಯಾಗಿ ಬಿದ್ದಿದ್ದರೆ ಅದು ಅದೇ ಗೆರೆಯಲ್ಲಿ ವಾಪಸ್ ಬಂದು ಕ್ಯೂ ತುದಿಗೇ ತಾಗುತ್ತದೆ. ಮೊದಲೆಲ್ಲ ನನ್ನ ಬಾಲ್ ಕುಶನ್‌ನಿಂದ ಬರುವಾಗ ಬಲಕ್ಕೆ ಜಾರುತ್ತಿತ್ತು. ಟೇಬಲ್ ವಾಲಿದೆ ಅನ್ನುವುದು ನನ್ನ ಲೆಕ್ಕ. ಅವತ್ತು, ಅದೇ ಟೇಬಲ್ ಮೇಲೆ, ಬಾಲ್ ಬ್ಲ್ಯಾಕ್ ಸ್ಪಾಟ್ ಮೇಲೆ ಬಂತು, ಪಿಂಕ್ ಮೇಲೆ ಬಂತು, ಬ್ಲೂ ಮೇಲೆ ಬಂತು, ಬಂದು ತುದಿಗೆ ಟಕ್ ಅಂತು. "ಹೆಬ್ಬಟ್ಟ ಹಿಚುಕ್ತಿದ್ರಿ ನೀವು. ಈಗ ಅದಕ್ಕ ರಜಾ ಸಿಕ್ಕದ" ಅಂದರು ಚಾಚಾ.

ವಿಷಯ ಇಷ್ಟೇ. ಹೊಡೆಯುವ ಕ್ಷಣದಲ್ಲಿ ಹೆಬ್ಬೆರಳು ಒತ್ತಿದರೆ ಮಣಿಕಟ್ಟು ಒಳಕ್ಕೆ ತಿರುಗುತ್ತದೆ. ಕ್ಯೂನ ಹಿಂಭಾಗ ಎದೆಯ ಕಡೆ ಬರುತ್ತದೆ, ತುದಿ ಬಲಕ್ಕೆ ಹೋಗುತ್ತದೆ. ಬಾಲ್‌ನ ಅಗಲ 52.5 ಮಿಲಿಮೀಟರ್. ಅದರ ನಡುವಿನಿಂದ ಒಂದೆರಡು ಮಿಲಿಮೀಟರ್ ಸರಿದರೂ ಬೇಡದ ಸೈಡ್, ಅಂದರೆ ಪಕ್ಕಕ್ಕೆ ತಿರುಗುವ ಸುತ್ತು, ಹತ್ತುತ್ತದೆ. 12 ಅಡಿ ಟೇಬಲ್‌ನ ಆ ತುದಿ ಮುಟ್ಟುವ ಹೊತ್ತಿಗೆ ಪಾಕೆಟ್‌ಗೆ ಬೀಳಬೇಕಾದ ಬಾಲ್ ಅದರ ದವಡೆಗೆ ಬಡಿದು ಹೊರಗೆ ಬಂದಿರುತ್ತದೆ. ಹೆಬ್ಬೆರಳು ಬಿಟ್ಟ ಮೇಲೆ ಇನ್ನೊಂದು ಬದಲಾವಣೆ ಕಂಡಿತು. ಕ್ಯೂ ಹಿಂದಕ್ಕೆ ಎಳೆದಾಗ ಕಿರುಬೆರಳು, ಉಂಗುರ ಬೆರಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು, ಮುಂದೆ ಹೋಗುವಾಗ ಮುಚ್ಚಿಕೊಳ್ಳುತ್ತಿದ್ದವು. ಬಿಗಿ ಮುಷ್ಟಿಯಲ್ಲಿ ಇದು ಆಗುವ ಮಾತಲ್ಲ. ಅಲ್ಲಿ ಎಳೆದಷ್ಟೂ ಕ್ಯೂನ ಹಿಂಭಾಗ ಮೇಲಕ್ಕೆ ಏಳುತ್ತದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಸ್ಕ್ರೂ ಶಾಟ್. ಬಿಳಿ ಬಾಲ್ ಹಿಂದಕ್ಕೆ ಬರಬೇಕಾದರೆ ಶಕ್ತಿ ಬೇಕು ಅಂತ ಇಡೀ ತೋಳು ಹಾಕುತ್ತಿದ್ದೆ. ಪಟ್ಟಿ ಇದ್ದಾಗ ಶಕ್ತಿ ಹಾಕುವಂತಿರಲಿಲ್ಲ. ಬಾಲ್‌ನ ಕೆಳಭಾಗಕ್ಕೆ ಗುರಿಯಿಟ್ಟು, ಕ್ಯೂ ಆದಷ್ಟು ಮಟ್ಟಸವಾಗಿ ಮುಂದೆ ಹೋಗಲಿ ಅಂತ ಬಿಟ್ಟೆ. ಕಡಿಮೆ ಹೊಡೆತಕ್ಕೆ ಬಾಲ್ ಮೊದಲಿಗಿಂತ ಜಾಸ್ತಿ ಹಿಂದೆ ಬಂತು.

2014ರ ಯುಕೆ ಚಾಂಪಿಯನ್‌ಶಿಪ್‌ನಲ್ಲಿ ಇಂಗ್ಲೆಂಡಿನ ಆಟಗಾರ ರಾನಿ ಒ'ಸುಲಿವನ್ ಕಾಲಿನ ಗಂಟು ಮುರಿದುಕೊಂಡೇ, ಒಂದೇ ಸರದಿಯಲ್ಲಿ ಎಲ್ಲ ಬಾಲ್ ಪಾಕೆಟ್‌ಗೆ ಹಾಕಿ 147 ಬಾರಿಸಿದ್ದನ್ನು ಗೆಳೆಯರು ನೆನಪಿಸಿದರು. ಅದನ್ನು ಇದಕ್ಕೆ ಜೋಡಿಸುವುದು ಸರಿಯಲ್ಲ. ಅವರ ಆಟ ಗಾಯ ಇದ್ದರೂ ಉಳಿಯಿತು, ಗಾಯದಿಂದ ಬಂದದ್ದಲ್ಲ. ನೋವು ನನಗೂ ಏನೂ ಕಲಿಸಲಿಲ್ಲ. ಕಲಿಸಿದ್ದು ಪಟ್ಟಿ, ಒಂದು ಬೆರಳನ್ನು ಆಟದಿಂದ ಹೊರಗಿಟ್ಟು.

ಕಷ್ಟ ಶುರುವಾದದ್ದು ಪಟ್ಟಿ ಬಿಚ್ಚಿದ ಮೇಲೆ. ಬೆರಳು ವಾಸಿಯಾದಂತೆ ಹಳೇ ಒತ್ತು ಮೆಲ್ಲಗೆ ವಾಪಸ್ ಬಂತು. ಅದೂ ಬೇಸಿಗೆ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದರೆ ಅಂಗೈ ಬೆವರಿ ಕ್ಯೂ ಜಾರುತ್ತದೆ, ಜಾರಿದಷ್ಟೂ ಕೈ ಬಿಗಿ ಹಿಡಿಯುತ್ತದೆ. ಈಗ ಕ್ಯೂನ ಹಿಂಭಾಗಕ್ಕೂ ಒಂದು ಒಣ ಬಟ್ಟೆ ಇಟ್ಟುಕೊಂಡಿದ್ದೇನೆ. ಪ್ರಾಕ್ಟೀಸ್ ಮಾಡುವಾಗ ಹೆಬ್ಬೆರಳ ತುದಿಗೆ ಸ್ವಲ್ಪ ನೀಲಿ ಚಾಕ್ ಸವರಿಕೊಳ್ಳುತ್ತೇನೆ. ಶಾಟ್ ಆದ ಮೇಲೆ ಕ್ಯೂ ತಿರುಗಿಸಿ ನೋಡಿದರೆ ಎಲ್ಲ ಗೊತ್ತಾಗುತ್ತದೆ. ತೆಳ್ಳಗೆ ಒಂದು ಗೆರೆ ಇದ್ದರೆ ಬೆರಳು ಸವರಿದೆ ಅಷ್ಟೇ. ಅಂಡಾಕಾರದ ಗುರುತು ಪೂರ್ತಿ ಮೂಡಿದ್ದರೆ ಒತ್ತಿದ್ದೇನೆ. ದೂರದಿಂದ ಪಾಕೆಟ್‌ಗೆ ಹೊಡೆಯುವ ಲಾಂಗ್ ಪಾಟ್‌ಗಳಲ್ಲೇ ಈ ಗುರುತು ಜಾಸ್ತಿ.

ಮ್ಯಾಚ್‌ನಲ್ಲಿ, ಫ್ರೇಮ್, ಅಂದರೆ ಮ್ಯಾಚ್‌ನ ಒಂದು ಆಟ, ಕೈಗೆ ಬರುವ ಬಾಲ್ ಮುಂದಿದ್ದಾಗ, ಇವತ್ತಿಗೂ ಬೆರಳು ಬಿಗಿಯಾಗುತ್ತದೆ. ಹಾಗಾದಾಗ ಹೊಡೆಯುವುದಿಲ್ಲ. ಎದ್ದು ನಿಂತು, ಕೈ ಒರೆಸಿ, ಮತ್ತೆ ಬಗ್ಗುತ್ತೇನೆ.

ಇದನ್ನು ನೋಡಬೇಕು ಅನ್ನುವವರು ಬೆರಳು ಜಜ್ಜಿಕೊಳ್ಳಬೇಕಿಲ್ಲ. ಹೆಬ್ಬೆರಳಿಗೆ ದಪ್ಪಗೆ ಬಟ್ಟೆ ಸುತ್ತಿ ಸ್ಪಾಟ್ ಗೆರೆ ಮೇಲೆ ಹತ್ತು ಸಲ ಹೊಡೆಯಿರಿ, ಬಿಚ್ಚಿ ಹತ್ತು ಸಲ ಹೊಡೆಯಿರಿ. ಎರಡೂ ಸಲ ಬಾಲ್ ಒಂದೇ ಥರ ವಾಪಸ್ ಬಂದರೆ ನಿಮ್ಮ ತೊಂದರೆ ಹೆಬ್ಬೆರಳಿನಲ್ಲಿಲ್ಲ, ಬೇರೆ ಕಡೆ ಹುಡುಕಿ. ಮಣಿಕಟ್ಟೋ ಕುತ್ತಿಗೆಯೋ ನಿಜವಾಗಿಯೂ ನೋಯುತ್ತಿದ್ದರೆ ಮಾತ್ರ ಮೊದಲು ಡಾಕ್ಟರ ಹತ್ತಿರ ಹೋಗಿ, ಟೇಬಲ್ ಹತ್ತಿರ ಅಲ್ಲ.